ಟಿಕೆಟ್ ಕೊಂಡ ಮೇಲೂ ದೇಣಿಗೆ ಯಾಕೆ? ಅಮೆರಿಕದ ಊರ ಮ್ಯೂಸಿಕಲ್ ಕಂಪನಿಗಳ ಒಳಲೆಕ್ಕ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರನ್ನು ನಯಾಗರಾ, ದೇವಸ್ಥಾನ, ಔಟ್‌ಲೆಟ್ ಮಾಲು ಎಲ್ಲ ಮುಗಿದ ಮೇಲೆ ಒಂದು ಸಂಜೆ 'ಮ್ಯೂಸಿಕಲ್' ನೋಡಲು ಕರೆದೊಯ್ಯುವುದುಂಟು. ನ್ಯೂಯಾರ್ಕಿನ ದೊಡ್ಡ ಥಿಯೇಟರ್‌ಗಳ ಸೀಮೆಯಾದ ಬ್ರಾಡ್‌ವೇ ದುಬಾರಿ. ಹಾಗಾಗಿ ಮನೆಗೆ ಹತ್ತಿರದ ಥಿಯೇಟರ್. ಆನ್‌ಲೈನಿನಲ್ಲಿ ಟಿಕೆಟ್ ಕೊಳ್ಳುವಾಗ ಕೊನೆಯ ಪುಟದಲ್ಲೊಂದು ಪ್ರಶ್ನೆ: ಜೊತೆಗೆ ದೇಣಿಗೆಯನ್ನೂ ಸೇರಿಸುತ್ತೀರಾ? ಆಟ ಶುರುವಾಗುವ ಮುಂಚೆ ರಂಗದ ಮೇಲೆ ಬಂದವರು ಅದನ್ನೇ ಕೇಳುತ್ತಾರೆ. ಕೆಲವು ವಾರಗಳಲ್ಲಿ ಮನೆಗೇ ಪತ್ರ ಬರುತ್ತದೆ.

ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಸೋಜಿಗವೇ. ಟಿಕೆಟ್ ತೆಗೆದುಕೊಂಡ ಮೇಲೆ ಮತ್ತೆ ಕಾಣಿಕೆ ಯಾಕೆ? 2025ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕಲಾನಿಧಿ ಸಂಸ್ಥೆ ಅನೇಕ ಥಿಯೇಟರ್‌ಗಳಿಗೆ ಕೊಟ್ಟಿದ್ದ ಅನುದಾನವನ್ನು ರದ್ದು ಮಾಡಿದಾಗ ಈ ಪ್ರಶ್ನೆ ಸುದ್ದಿಯ ಪುಟಕ್ಕೂ ಬಂತು. ಉತ್ತರ ಗೊತ್ತಾಗಬೇಕಾದರೆ ಇಂಥ ಒಂದು ಕಂಪನಿ ಹೇಗೆ ಬದುಕುತ್ತದೆ ಎಂದು ನೋಡಬೇಕು. ಉದಾಹರಣೆಗೆ ಕನೆಕ್ಟಿಕಟ್ ರಾಜ್ಯದ ಈಸ್ಟ್ ಹ್ಯಾಡಮ್ ಎಂಬ ಸಣ್ಣ ಊರಿನ ಗುಡ್‌ಸ್ಪೀಡ್ ಕಂಪನಿಯನ್ನು ಇಟ್ಟುಕೊಳ್ಳೋಣ. ಮ್ಯೂಸಿಕಲ್‌ಗೇ ಮೀಸಲಾದ ಮನೆ ಅದು.

ಮೊದಲು, ಮ್ಯೂಸಿಕಲ್ ಅಂದರೆ

ಹಾಡು, ಕುಣಿತ, ಮಾತು ಮೂರೂ ಸೇರಿ ಕಥೆ ನಡೆಸುವ ನಾಟಕ. ನಮ್ಮ ಕಂಪನಿ ನಾಟಕಗಳಲ್ಲೂ ಹಾಡುಗಳಿಗೆ ಬರವಿರಲಿಲ್ಲ. ಆದರೆ ಅಲ್ಲಿ ಹಾಡು ಚೆನ್ನಾಗಿ ಬಂದರೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತಿತ್ತು ಎಂಬ ತಮಾಷೆಯೇ ಇದೆ. ಮ್ಯೂಸಿಕಲ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಡಿನ ಒಂದೊಂದು ಸಾಲಿಗೂ ಬೆಳಕು, ಸೆಟ್ಟಿನ ಚಲನೆ, ವಾದ್ಯಗಳ ಪ್ರವೇಶ ಗಂಟು ಹಾಕಿರುತ್ತವೆ; ಒಂದನ್ನು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ಕೃತಿಗೆ ಮೂರು ಭಾಗ: ಮಾತಿನ ಭಾಗಕ್ಕೆ 'ಬುಕ್', ಹಾಡಿನ ಸಾಹಿತ್ಯಕ್ಕೆ 'ಲಿರಿಕ್ಸ್', ಮೂರನೆಯದು ಸಂಗೀತ. ಮೂರಕ್ಕೂ ಬೇರೆ ಬೇರೆ ಕರ್ತೃಗಳಿರಬಹುದು. ಯಾವ ವಾದ್ಯ ಏನು ನುಡಿಸಬೇಕೆಂದು ಬರೆಯುವವರು ಮತ್ತೊಬ್ಬರು, ಆರ್ಕೆಸ್ಟ್ರೇಟರ್. ಈ ಹಂಚಿಕೆ ನೆನಪಿರಲಿ. ಮುಂದೆ ಹಕ್ಕಿನ ವಿಷಯ ಬಂದಾಗ ಬೇಕಾಗುತ್ತದೆ.

'ಲಾಭರಹಿತ' ಅಂದರೆ ಲಾಭವೇ ಇಲ್ಲವೆಂದಲ್ಲ

ಈ ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಲಾಭರಹಿತ ಸಂಸ್ಥೆಗೆ ವರ್ಷದ ಕೊನೆಗೆ ಹಣ ಉಳಿಯಬಹುದು, ಉಳಿದರೆ ಒಳ್ಳೆಯದೇ. ಆದರೆ ಉಳಿದದ್ದನ್ನು ಮನೆಗೆ ಒಯ್ಯಲು ಅಲ್ಲಿ ಮಾಲೀಕರಿಲ್ಲ, ಷೇರುದಾರರಿಲ್ಲ. ಹಣ ಸಂಸ್ಥೆಯ ಕೆಲಸಕ್ಕೇ ಮರಳಬೇಕು. ನಟರು, ಬಡಗಿಗಳು, ದರ್ಜಿಗಳು, ಕಚೇರಿಯವರು ಎಲ್ಲರಿಗೂ ಸಂಬಳವಿದೆ. ಸಂಬಳವಿಲ್ಲದೆ ದುಡಿಯುವವರು ಆಡಳಿತ ಮಂಡಳಿಯ ಟ್ರಸ್ಟಿಗಳು. ಅಷ್ಟೇ ಅಲ್ಲ, ಸ್ವಂತ ಜೇಬಿನಿಂದ ಕೊಡುವುದೋ ಇನ್ನೊಬ್ಬರಿಂದ ತರುವುದೋ ಅವರ ಹೊಣೆ ಎಂಬ ರೂಢಿ ಹೆಚ್ಚಿನ ಕಡೆ ಇದೆ.

ಅಮೆರಿಕದ ತೆರಿಗೆ ಕಾಯ್ದೆಯ 501(ಸಿ)(3) ಕಲಮಿನಡಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಕೊಟ್ಟವರು ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೇಳಬಹುದು. ನಮ್ಮಲ್ಲಿ 80ಜಿ ಇದ್ದಂತೆ. ಇದಕ್ಕೆ ಬದಲಾಗಿ ಸಂಸ್ಥೆ ಪ್ರತಿವರ್ಷ 'ಫಾರ್ಮ್ 990' ಎಂಬ ಲೆಕ್ಕಪತ್ರ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ; ಮುಖ್ಯಸ್ಥರ ಸಂಬಳವೂ ಅದರಲ್ಲಿ ಕಾಣುತ್ತದೆ.

ಕರಾವಳಿಯವರಿಗೆ ಇದನ್ನು ಹೇಳುವುದು ಸುಲಭ. ಟೆಂಟಿನ ಯಕ್ಷಗಾನ ಮೇಳ ಟಿಕೆಟ್ಟನ್ನು ನಂಬಿ ನಡೆಯುತ್ತಿತ್ತು. ಕಟೀಲು, ಮಂದಾರ್ತಿಯಂಥ ಮೇಳಗಳಲ್ಲಿ ಹರಕೆ ಹೊತ್ತವರು ಖರ್ಚು ವಹಿಸಿ ಆಟ ಆಡಿಸುತ್ತಾರೆ, ಊರವರು ಪುಕ್ಕಟೆ ನೋಡುತ್ತಾರೆ. ಬ್ರಾಡ್‌ವೇ ಮೊದಲನೆಯ ಬಗೆ. ಗುಡ್‌ಸ್ಪೀಡ್‌ನಂಥ ಮನೆ ಎರಡನ್ನೂ ಕಲಸಿಕೊಂಡದ್ದು: ಖರ್ಚಿನ ಒಂದು ಪಾಲು ಟಿಕೆಟ್ಟಿನಿಂದ, ಉಳಿದದ್ದು 'ಹರಕೆ'ಯವರಿಂದ. ಹರಕೆ ಎಂಬುದು ನಮ್ಮ ಮಾತು. ಅಲ್ಲಿ ಅದರ ಹೆಸರು ಕಾಂಟ್ರಿಬ್ಯೂಟೆಡ್ ಇನ್‌ಕಮ್.

ನಾನೂರು ಕುರ್ಚಿಯ ಲೆಕ್ಕ

ಗುಡ್‌ಸ್ಪೀಡ್ ಆಪರಾ ಹೌಸ್ ಕನೆಕ್ಟಿಕಟ್ ನದಿಯ ದಡದ ಬಿಳಿ ಕಟ್ಟಡ. ಹಡಗು ಮತ್ತು ಬ್ಯಾಂಕಿನ ಸಾಹುಕಾರ ವಿಲಿಯಂ ಗುಡ್‌ಸ್ಪೀಡ್ 1876ರಲ್ಲಿ ಕಟ್ಟಿಸಿದ್ದು. ಕೆಳಗೆ ಅಂಗಡಿ, ಕಚೇರಿ, ಹಬೆ ಹಡಗಿನ ಪ್ರಯಾಣಿಕರ ತಂಗುದಾಣ. ಮೇಲಿನ ಮಹಡಿಗಳಲ್ಲಿ ರಂಗಮಂದಿರ. ಆಮೇಲೆ ಅದು ರಾಜ್ಯದ ಹೆದ್ದಾರಿ ಇಲಾಖೆಯ ಉಗ್ರಾಣವಾಗಿ, 1958ರ ಹೊತ್ತಿಗೆ ಕೆಡವುವ ಪಟ್ಟಿಗೆ ಸೇರಿತ್ತು. ಊರವರು 1959ರಲ್ಲಿ ಪ್ರತಿಷ್ಠಾನ ಕಟ್ಟಿ ಉಳಿಸಿಕೊಂಡರು; 1963ರಲ್ಲಿ ಮತ್ತೆ ಪರದೆ ಎದ್ದಿತು.

ಟಿಕೆಟ್ಟಿನ ಹಣವೊಂದೇ ಸಾಲದಿರುವುದಕ್ಕೆ ಮೊದಲ ಕಾರಣ ಮನೆಯ ಅಳತೆ. ಕುರ್ಚಿಗಳು ಸುಮಾರು 400. ಅಮೆರಿಕದ ವೃತ್ತಿನಿರತ ರಂಗಭೂಮಿಯಲ್ಲಿ ವಾರಕ್ಕೆ 8 ಆಟ ಎಂಬುದು ರೂಢಿಯಾಗಿಬಿಟ್ಟಿರುವ ಲೆಕ್ಕ. ಅಲ್ಲಿಗೆ, ಒಂದೂ ಕುರ್ಚಿ ಖಾಲಿ ಇಲ್ಲದಿದ್ದರೂ ವಾರಕ್ಕೆ ಮಾರಲು ಇರುವುದು 3200 ಟಿಕೆಟ್. ನ್ಯೂಜೆರ್ಸಿಯ ಮಿಲ್‌ಬರ್ನಿನಲ್ಲಿರುವ ಪೇಪರ್ ಮಿಲ್ ಪ್ಲೇಹೌಸ್ ಕೂಡ ಲಾಭರಹಿತವೇ, ಅಲ್ಲಿ ಸುಮಾರು 1200 ಕುರ್ಚಿ, ವಾರಕ್ಕೆ 9600. ಬ್ರಾಡ್‌ವೇಯ ದೊಡ್ಡ ಮನೆಗಳಲ್ಲಿ ಒಂದಾದ ಗರ್ಷ್‌ವಿನ್‌ನಲ್ಲಿ 1900ಕ್ಕಿಂತ ಹೆಚ್ಚು ಕುರ್ಚಿ. ಕಥೆ ಒಂದೇ, ಹಾಡು ಅವೇ, ಪಾತ್ರಗಳೂ ಅಷ್ಟೇ. ಊಟ ಮೂವತ್ತು ಜನಕ್ಕೆ ಮಾಡಿದರೂ ಮುನ್ನೂರು ಜನಕ್ಕೆ ಮಾಡಿದರೂ ಅಡುಗೆ ಭಟ್ಟರನ್ನು ಕರೆಸಲೇಬೇಕಲ್ಲ, ಹಾಗೆ.

ಎರಡನೆಯ ಕಾರಣ ಮುಚ್ಚುವ ದಿನ. ಬ್ರಾಡ್‌ವೇಯಲ್ಲಿ ಗೆದ್ದ ನಾಟಕ ವರ್ಷಗಟ್ಟಲೆ ಓಡಬಹುದು, ಹಾಕಿದ ಬಂಡವಾಳ ಸಾವಿರಾರು ಆಟಗಳ ಮೇಲೆ ಹರಡಿಕೊಳ್ಳುತ್ತದೆ. ಊರ ಕಂಪನಿಯಲ್ಲಿ ಮುಚ್ಚುವ ತಾರೀಕು ತೆರೆಯುವ ಮೊದಲೇ ನಿಗದಿ, ಏಕೆಂದರೆ ವರ್ಷದ ಎಲ್ಲ ನಾಟಕಗಳಿಗೂ ಮೊದಲೇ ಹಣ ಕಟ್ಟಿದ ಚಂದಾದಾರರಿಗೆ ಮುಂದಿನ ನಾಟಕಕ್ಕೂ ಸೀಟು ಕೊಟ್ಟಾಗಿದೆ. ಒಂಬತ್ತು ವಾರ ನಡೆದರೆ 72 ಆಟ. ಮರ ಕೊಯ್ದು, ಬಟ್ಟೆ ಹೊಲಿದು, ವಾದ್ಯದವರನ್ನು ಕೂರಿಸಿ ಮಾಡಿದ್ದೆಲ್ಲ ಆ 72ರಲ್ಲೇ ಹುಟ್ಟಬೇಕು. ಮನೆ ತುಂಬಿದ್ದರೂ 73ನೆಯದು ಇಲ್ಲ.

ಮೂರನೆಯದನ್ನು 1966ರಲ್ಲಿ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ ವಿವರಿಸಿದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕೆಲಸಗಾರ ಹೆಚ್ಚು ಮಾಲು ತಯಾರಿಸುತ್ತಾನೆ, ಅವನ ಕೂಲಿ ಏರಿದರೂ ಮಾಲಿನ ಬೆಲೆ ಅಷ್ಟಾಗಿ ಏರುವುದಿಲ್ಲ. ರಂಗದಲ್ಲಿ ಹಾಗಾಗದು. ಭಾಗವತರು, ಮದ್ದಳೆ, ಚೆಂಡೆ ನೂರು ವರ್ಷದ ಹಿಂದೆಯೂ ಬೇಕಿತ್ತು, ಈಗಲೂ ಬೇಕು; ಒಂದು ಪದ್ಯ ಹೇಳಲು ಹಿಡಿಯುವ ಹೊತ್ತೂ ಅಷ್ಟೇ. ಆದರೆ ಅವರ ಮನೆಯ ಬಾಡಿಗೆ, ಅಕ್ಕಿಯ ಬೆಲೆ ಹೊರಗಿನ ಲೋಕದ ಜೊತೆಗೇ ಏರುತ್ತದೆ. ಟಿಕೆಟ್ಟನ್ನು ಅದೇ ವೇಗದಲ್ಲಿ ಏರಿಸುತ್ತ ಹೋದರೆ ಒಂದು ದಿನ ನೋಡುವವರೇ ಉಳಿಯುವುದಿಲ್ಲ. ಈ ಅಂತರ ತುಂಬಲೆಂದೇ 1950ರ ದಶಕದ ಕೊನೆಯಿಂದ ಫೋರ್ಡ್ ಪ್ರತಿಷ್ಠಾನ ನ್ಯೂಯಾರ್ಕಿನ ಹೊರಗಿನ ಥಿಯೇಟರ್‌ಗಳಿಗೆ ಹಣ ಕೊಡತೊಡಗಿತು. 1965ರಲ್ಲಿ ಕೇಂದ್ರ ಕಲಾನಿಧಿ ಹುಟ್ಟಿತು.

ಕೃತಿ ಬಾಡಿಗೆಗೆ ಬರುತ್ತದೆ

ಪುಸ್ತಕದಂಗಡಿಯಲ್ಲಿ ನಾಟಕ ಕೊಂಡು ಆಡಿದಂತೆ ಮ್ಯೂಸಿಕಲ್ ಆಡಲಾಗದು. ಮಾತು, ಸಾಹಿತ್ಯ, ಸಂಗೀತ ಮೂರೂ ಸೇರಿದ ಪ್ರದರ್ಶನದ ಹಕ್ಕಿಗೆ 'ಗ್ರಾಂಡ್ ರೈಟ್ಸ್' ಎನ್ನುತ್ತಾರೆ. ಕರ್ತೃಗಳ ಪರವಾಗಿ ಅದನ್ನು ಕೊಡುವುದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್ ಮೊದಲಾದ ಕೆಲವೇ ಸಂಸ್ಥೆಗಳು. ವೃತ್ತಿನಿರತ ಕಂಪನಿ ಗಲ್ಲಾಪೆಟ್ಟಿಗೆಯ ಶೇಕಡಾವಾರು ಕೊಡಬೇಕು. ಶಾಲೆ, ಹವ್ಯಾಸಿ ತಂಡಗಳಿಗೆ ಸಾಮಾನ್ಯವಾಗಿ ಆಟಕ್ಕಿಷ್ಟು ಎಂದು ಕಟ್ಟು. ಪುಕ್ಕಟೆ ತೋರಿಸಿದರೂ ಕಟ್ಟು ತಪ್ಪುವುದಿಲ್ಲ.

ಹಕ್ಕಿನ ಜೊತೆ ಬರುವುದು ಪೆಟ್ಟಿಗೆ: ನಟರ ಪುಸ್ತಕಗಳು, ಪಿಯಾನೋ ಹಾಗೂ ಸಂಗೀತ ನಿರ್ದೇಶಕರ ಪ್ರತಿ, ಒಂದೊಂದು ವಾದ್ಯಕ್ಕೂ ಪ್ರತ್ಯೇಕ ಹಾಳೆಗಳು. ಇವು ಬಹುಪಾಲು ಬಾಡಿಗೆಯವು. ಪೆನ್ಸಿಲಿನಲ್ಲಷ್ಟೇ ಗುರುತು ಹಾಕಬೇಕು, ಆಟ ಮುಗಿದ ಮೇಲೆ ಎಲ್ಲ ಅಳಿಸಿ ಹಿಂದಿರುಗಿಸಬೇಕು. ಪೆನ್ನು ಬಳಸಿದರೆ, ಪ್ರತಿ ಕಳೆದರೆ ದಂಡ.

ಎಡವಟ್ಟು ಆಗುವುದು ಎರಡು ಕಡೆ. ಒಂದು, ಅದೇ ಕೃತಿ ಬ್ರಾಡ್‌ವೇಯಲ್ಲಿ ಮತ್ತೆ ಬರಲಿದ್ದರೆ ಅಥವಾ ಆ ಸೀಮೆಗೆ ಪ್ರವಾಸಿ ತಂಡ ಬರುವುದಿದ್ದರೆ ಹಕ್ಕು ಸಿಗುವುದಿಲ್ಲ. ಹಾಗಾಗಿ ಕಂಪನಿ ಒಂದೂವರೆ ವರ್ಷ ಮೊದಲೇ ನಾಲ್ಕೈದು ಹೆಸರು ಕೈಯಲ್ಲಿಟ್ಟುಕೊಂಡು ಕಾಯುತ್ತದೆ, ಉತ್ತರ ಬರುವ ಮೊದಲು ಪೋಸ್ಟರ್ ಅಚ್ಚು ಹಾಕುವುದಿಲ್ಲ. ಇನ್ನೊಂದು, ಸಾಲು ಬದಲಿಸುವುದು, ಹಾಡು ಬಿಡುವುದು, ಗಂಡಿನ ಪಾತ್ರವನ್ನು ಹೆಣ್ಣಾಗಿಸುವುದು. ಲಿಖಿತ ಒಪ್ಪಿಗೆಯಿಲ್ಲದೆ ಇವು ಕೂಡದು. ಕೊಟ್ಟ ಹಕ್ಕನ್ನು ಹಿಂದೆಗೆದುಕೊಂಡರೆ ಹೊಲಿದ ಬಟ್ಟೆಯೆಲ್ಲ ಗೋದಾಮಿಗೆ.

ತಾಲೀಮಿನಿಂದ ಪರದೆಯವರೆಗೆ

ಮೂರ್ನಾಲ್ಕು ವಾರ ತಾಲೀಮು, ಒಂದು ವಾರ ತಾಂತ್ರಿಕ ಕೆಲಸ. ನಮ್ಮ ಹವ್ಯಾಸಿ ತಂಡಗಳಂತೆ ಸಂಜೆ ಎರಡು ಗಂಟೆಯಲ್ಲ, ದಿನವಿಡೀ. ಮೊದಲು ಹಾಡು ಕಲಿಯುತ್ತಾರೆ. ಕುಣಿಯುತ್ತ ಹಾಡು ಕಲಿತರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿಯದೆ ತಪ್ಪು ಅಭ್ಯಾಸ ಅಂಟಿಕೊಳ್ಳುತ್ತದೆ, ಅದಕ್ಕೆ. ಆಮೇಲೆ ಕುಣಿತ, ಕೊನೆಗೆ ಮಾತಿನ ದೃಶ್ಯಗಳು. ತಾಲೀಮಿನ ಕೋಣೆಯ ನೆಲದ ಮೇಲೆ ಬಣ್ಣದ ಟೇಪಿನಿಂದ ಸೆಟ್ಟಿನ ಅಳತೆ ಗುರುತಿಸಿರುತ್ತಾರೆ: ಇದು ಮೆಟ್ಟಿಲು, ಇದು ಬಾಗಿಲು. ಇಷ್ಟೂ ದಿನ ವಾದ್ಯವೆಂದರೆ ಒಂದೇ ಪಿಯಾನೋ.

ನಟರ ಸಂಘವಾದ ಆಕ್ಟರ್ಸ್ ಈಕ್ವಿಟಿ, 1913ರಲ್ಲಿ ಹುಟ್ಟಿದ್ದು, ಗಡಿಯಾರ ಹಿಡಿದು ನಿಯಮ ಮಾಡಿದೆ. 55 ನಿಮಿಷ ದುಡಿದರೆ 5 ನಿಮಿಷ ಬಿಡುವು, ಇಲ್ಲವೇ 80 ನಿಮಿಷಕ್ಕೆ 10. ದೃಶ್ಯ ಎಷ್ಟೇ ಬಿಸಿಯಾಗಿರಲಿ, ಸ್ಟೇಜ್ ಮ್ಯಾನೇಜರ್ ಎದ್ದು ನಿಂತರೆ ನಿರ್ದೇಶಕರೂ ಸುಮ್ಮನಾಗಬೇಕು. ತಾಂತ್ರಿಕ ವಾರದಲ್ಲಿ 'ಹನ್ನೆರಡರಲ್ಲಿ ಹತ್ತು' ಎಂಬ ದಿನಗಳು ಬರುತ್ತವೆ. ಹನ್ನೆರಡು ಗಂಟೆಯ ಅವಧಿಯಲ್ಲಿ ಹತ್ತು ಗಂಟೆ ಕೆಲಸ. ಆಗ ನಟನೆ ಮುಖ್ಯವಲ್ಲ. ಒಂದು ಬೆಳಕಿನಿಂದ ಇನ್ನೊಂದು ಬೆಳಕಿಗೆ ಜಿಗಿಯುತ್ತ, ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಂತುಕೊಂಡು, ಪ್ರತಿ ಬದಲಾವಣೆಗೂ ಸಂಖ್ಯೆ ಕೊಟ್ಟು ಕಂಪ್ಯೂಟರಿಗೆ ತುಂಬಿಸುತ್ತಾರೆ.

ಗಾಯಕರು ಮತ್ತು ವಾದ್ಯವೃಂದ ಮೊದಲ ಸಲ ಎದುರುಬದುರಾಗುವ ದಿನಕ್ಕೆ 'ಸಿಟ್ಸ್‌ಪ್ರೋಬ' ಎಂಬ ಜರ್ಮನ್ ಹೆಸರು. ಕುಳಿತು ಹಾಡುವ ತಾಲೀಮು ಎಂದರ್ಥ. ಬಟ್ಟೆ, ಕುಣಿತ ಏನೂ ಇಲ್ಲ. ಪಿಯಾನೋದಲ್ಲಿ ಕೇಳಿಸುತ್ತಿದ್ದ ಎತ್ತುಗಡೆಯ ಸ್ವರ ಈಗ ಕ್ಲ್ಯಾರಿನೆಟ್ಟಿನಲ್ಲಿ ಸಣ್ಣಗೆ ಬರುತ್ತದೆ. ಅದನ್ನು ಹಿಡಿಯಲು ಕಿವಿ ಹೊಸದಾಗಿ ಕಲಿಯಬೇಕು.

ಆಟದ ದಿನ ಪರದೆ ಏಳುವ ಅರ್ಧ ಗಂಟೆ ಮೊದಲು ಎಲ್ಲ ನಟರೂ ಬಂದು ಹಾಳೆಯಲ್ಲಿ ಸಹಿ ಮಾಡಿರಬೇಕು. ಆ ಗೆರೆ ಖಾಲಿಯಿದ್ದರೆ ಫೋನು ಹೋಗುತ್ತದೆ, ಬದಲಿಯವರು ಬಣ್ಣ ಹಚ್ಚಿಕೊಳ್ಳುತ್ತಾರೆ. ಮುಖ್ಯ ಪಾತ್ರಕ್ಕೆ ಬದಲಿ ಇರುವವರು ಅಂಡರ್‌ಸ್ಟಡಿ. ಗುಂಪಿನ ಏಳೆಂಟು ಜನರಲ್ಲಿ ಯಾರು ಬಾರದಿದ್ದರೂ ಅವರ ಜಾಗದಲ್ಲಿ ನಿಲ್ಲುವವರು 'ಸ್ವಿಂಗ್'. ಈ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಒಬ್ಬೊಬ್ಬರ ನಡೆ, ಹಾಡಿನಲ್ಲಿ ಅವರ ಸ್ವರದ ಎಳೆ, ಯಾವ ಕುರ್ಚಿ ಯಾರು ಎತ್ತಬೇಕು ಎಲ್ಲವನ್ನೂ ಪುಟಗಟ್ಟಲೆ ಬರೆದಿಟ್ಟುಕೊಂಡು, ಮಧ್ಯಾಹ್ನ ಒಬ್ಬರಾಗಿ ರಾತ್ರಿ ಇನ್ನೊಬ್ಬರಾಗಿ ಕುಣಿಯುತ್ತಾರೆ. ಇಡೀ ತಂಡದಲ್ಲಿ ಅತಿ ಕಷ್ಟದ ಕೆಲಸ ಯಾವುದೆಂದರೆ ಇದೇ.

ಎಡವುವುದು ಎಲ್ಲಿ

ರಂಗದ ಮೇಲೆ ಮೊದಲ ಶತ್ರು ಬೆವರು. ಮೈಕು ಕೂದಲಿನ ಅಂಚಿನಲ್ಲಿ ಅಂಟಿಸಿದ ಅಕ್ಕಿ ಕಾಳಿನಷ್ಟು ವಸ್ತು. ಬೆವರಿನ ಹನಿ ಅದರ ಬಾಯಿ ಮುಚ್ಚಿದರೆ ದನಿ ನೀರಿನೊಳಗಿನಿಂದ ಬಂದಂತೆ ಕೇಳುತ್ತದೆ. ಅದಕ್ಕೇ ಮುಖ್ಯ ಪಾತ್ರಕ್ಕೆ ಎರಡು ಮೈಕು ಹಾಕುವುದುಂಟು. ಧ್ವನಿ ಫಲಕದಲ್ಲಿ ಕುಳಿತವರು ಎಲ್ಲ ಮೈಕನ್ನೂ ತೆರೆದಿಡುವುದಿಲ್ಲ, ಮಾತಾಡುವವರದ್ದನ್ನಷ್ಟೇ ಸಾಲು ಸಾಲಿಗೆ ಏರಿಸಿ ಇಳಿಸುತ್ತಾರೆ. ಹಾಗಾಗಿ ನಟ ಒಂದು ಸಾಲು ಹಾರಿಸಿದರೆ ಎದುರಿನವರ ಮೊದಲ ಪದ ಯಾರಿಗೂ ಕೇಳಿಸುವುದಿಲ್ಲ.

ಸೆಟ್ಟು ಸಿಕ್ಕಿಕೊಂಡರೆ? ಸಂಗೀತದಲ್ಲಿ 'ವ್ಯಾಂಪ್' ಎಂಬ ಎರಡು ನಾಲ್ಕು ಆವರ್ತದ ಸುತ್ತು ಬರೆದೇ ಇರುತ್ತಾರೆ. ವೇಷ ಬರುವ ತನಕ ಚೆಂಡೆಯವರು ಬಿಡಿತಗಳನ್ನು ಎಳೆದಂತೆ, ಸಂಗೀತ ನಿರ್ದೇಶಕರ ಕೈಸನ್ನೆ ಬರುವವರೆಗೆ ಅದನ್ನೇ ನುಡಿಸುತ್ತಿರಬೇಕು. ವಾದ್ಯದವರು ಕಡಿಮೆಯಾದಷ್ಟೂ ಕೀಬೋರ್ಡಿನ ಹೊರೆ ಹೆಚ್ಚು. ಕಾಲಿನ ಪೆಡಲ್ ಒತ್ತಿದಂತೆ ವಯೊಲಿನ್, ಹಾರ್ಪ್, ಗಂಟೆ ಎಂದು ನಾದ ಬದಲಾಗುತ್ತದೆ. ಒಂದು ಒತ್ತು ತಪ್ಪಿದರೆ ಪ್ರೇಮಗೀತೆಗೆ ತುತ್ತೂರಿ ಮೊಳಗುತ್ತದೆ. ಗುಡ್‌ಸ್ಪೀಡ್‌ನಲ್ಲಂತೂ ರಂಗ ಚಿಕ್ಕದು, ಪರದೆಗಳನ್ನು ಮೇಲಕ್ಕೆ ಹಾರಿಸಿಡುವ ಎತ್ತರವಾಗಲಿ ಪಕ್ಕದಲ್ಲಿ ಸೆಟ್ಟು ತಳ್ಳಿಡುವ ಜಾಗವಾಗಲಿ ಅಷ್ಟಾಗಿ ಇಲ್ಲ. ಬ್ರಾಡ್‌ವೇಯ ನಕ್ಷೆ ಅಲ್ಲಿ ಕೂರುವುದಿಲ್ಲ, ಎಲ್ಲ ಹೊಸದಾಗಿ ಯೋಚಿಸಬೇಕು.

ಹಣದಲ್ಲಿ ಎಡವುವ ಬಗೆ ಬೇರೆ, ಮೆತ್ತಗೆ ನಡೆಯುವಂಥದ್ದು. ಚಂದಾದಾರರು ಮುಂದಿನ ವರ್ಷದ ಎಲ್ಲ ನಾಟಕಗಳಿಗೂ ಈಗಲೇ ಹಣ ಕಟ್ಟುತ್ತಾರೆ. ಕಷ್ಟದಲ್ಲಿರುವ ಕಂಪನಿ ಆ ಹಣವನ್ನು ಈ ವರ್ಷದ ಸಂಬಳಕ್ಕೆ ಬಳಸುತ್ತದೆ. ಅಡಿಕೆ ಬೆಳೆಗಾರ ಬರುವ ಫಸಲಿನ ಮೇಲೆ ಮಂಡಿಯಲ್ಲಿ ಮುಂಗಡ ಎತ್ತಿದಂತೆ. ಫಸಲು ಬರುವವರೆಗೆ ಏನೂ ಗೊತ್ತಾಗದು. ಕೋವಿಡ್‌ನಲ್ಲಿ ಬಾಗಿಲು ಮುಚ್ಚಿದಾಗ ಆದದ್ದು ಇದು: ಆಟವಿಲ್ಲ, ಆದರೆ ಟಿಕೆಟ್ಟಿನ ಋಣ ಹಾಗೇ ಇದೆ. ಇನ್ನೊಂದು ತೊಡಕು 'ನಿರ್ಬಂಧಿತ' ದೇಣಿಗೆ. ಮಕ್ಕಳ ಶಿಬಿರಕ್ಕೆಂದು ಕೊಟ್ಟ ಹಣವನ್ನು ಸೋರುವ ಚಾವಣಿಗೆ ಬಳಸುವಂತಿಲ್ಲ. ಬ್ಯಾಂಕಿನಲ್ಲಿ ಹಣ ಕಾಣುತ್ತದೆ, ಕೈಗೆ ಬಾರದು. ಪೇಪರ್ ಮಿಲ್ 2007ರಲ್ಲಿ ಮುಚ್ಚುವ ಅಂಚಿಗೆ ಹೋಗಿತ್ತು. ಮರುವರ್ಷ ಮಿಲ್‌ಬರ್ನ್ ಪಟ್ಟಣವೇ ಕಟ್ಟಡ ಕೊಂಡು ಅದನ್ನು ಕಂಪನಿಗೆ ಗೇಣಿಗೆ ಕೊಟ್ಟಿತು. 2016ರಲ್ಲಿ ಅದೇ ಮನೆಗೆ ಪ್ರಾದೇಶಿಕ ಥಿಯೇಟರಿಗೆ ಕೊಡುವ ಟೋನಿ, ಎಂದರೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ, ಬಂತು.

ಇಲ್ಲಿಂದ ಬ್ರಾಡ್‌ವೇಗೆ

ಗುಡ್‌ಸ್ಪೀಡ್‌ಗೂ ಟೋನಿ ಸಿಕ್ಕಿದೆ, ಎರಡು ಸಲ: 1980ರಲ್ಲಿ ವಿಶೇಷ ಟೋನಿ, 1995ರಲ್ಲಿ ಪ್ರಾದೇಶಿಕ ಥಿಯೇಟರಿನ ಟೋನಿ. ಹಳೆಯ ಮ್ಯೂಸಿಕಲ್‌ಗಳನ್ನು ಎಬ್ಬಿಸಿ ನಿಲ್ಲಿಸುವುದು, ಹೊಸತನ್ನು ಹುಟ್ಟಿಸುವುದು ಎರಡೂ ಅದರ ಕಸುಬು. 'ಮ್ಯಾನ್ ಆಫ್ ಲಾ ಮಾಂಚ' 1965ರಲ್ಲಿ ಅಲ್ಲೇ ಮೊದಲು ಆಡಿತು. 'ಆನಿ' 1976ರ ಆಗಸ್ಟಿನಲ್ಲಿ ಶುರುವಾಯಿತು, ಶುರುವಿನಲ್ಲಿ ಅಷ್ಟೇನೂ ಕುದುರಲಿಲ್ಲ. ಆಟ ನಡೆಯುತ್ತಿದ್ದಂತೆಯೇ ತಿದ್ದಿದರು. ನಾಯಕಿಯಾಗಿದ್ದ ಹುಡುಗಿಯ ಬದಲು ಅನಾಥಾಶ್ರಮದ ಗುಂಪಿನಲ್ಲಿದ್ದ ಆಂಡ್ರಿಯಾ ಮೆಕಾರ್ಡಲ್‌ಳನ್ನು ಮುಂದೆ ತಂದರು. 1977ರ ಏಪ್ರಿಲಿನಲ್ಲಿ ಬ್ರಾಡ್‌ವೇಗೆ ಹೋಗಿ 2377 ಆಟ ಕಂಡಿತು. ನಾನೂರು ಕುರ್ಚಿಯ ಮುಂದೆ ತಪ್ಪು ಮಾಡಿ ತಿದ್ದಿಕೊಳ್ಳುವುದು, ನ್ಯೂಯಾರ್ಕಿನ ವಿಮರ್ಶಕರ ಮುಂದೆ ಮಾಡುವುದಕ್ಕಿಂತ ಅಗ್ಗ.

ಈಗ ಇದಕ್ಕೊಂದು ಪದ್ಧತಿಯೇ ಇದೆ. ಬ್ರಾಡ್‌ವೇಯ ನಿರ್ಮಾಪಕರು ಊರ ಕಂಪನಿಯ ಖರ್ಚಿಗೆ 'ಎನ್‌ಹ್ಯಾನ್ಸ್‌ಮೆಂಟ್' ಎಂಬ ಹಣ ಸೇರಿಸುತ್ತಾರೆ. ನಾಟಕ ಮುಂದೆ ಗೆದ್ದರೆ ಗಳಿಕೆಯಲ್ಲಿ ಹುಟ್ಟಿದ ಮನೆಗೆ ಸಣ್ಣ ಪಾಲು. ಪಾಲು ಬರುವುದು ಗೆದ್ದರೆ ಮಾತ್ರ, ಗೆಲ್ಲುವುದು ಅಪರೂಪ. ಇದನ್ನು ಆದಾಯವೆಂದು ಬಜೆಟ್ಟಿನಲ್ಲಿ ಬರೆದುಕೊಳ್ಳುವ ಕಂಪನಿಯನ್ನು ಕಂಡರೆ ಲೆಕ್ಕಿಗರು ಹೆದರುತ್ತಾರೆ.

ನೋಡುವವರಿಗೆ, ಆಡಬೇಕೆನ್ನುವವರಿಗೆ

ದೇಣಿಗೆಯ ಪ್ರಶ್ನೆಗೆ ಇಲ್ಲ ಎಂದರೂ ಟಿಕೆಟ್ ಸಿಗುತ್ತದೆ. ಕೊಡುವುದಾದರೆ, ಟಿಕೆಟ್ಟಿನ ಬೆಲೆಗೆ ತೆರಿಗೆ ರಿಯಾಯಿತಿ ಇಲ್ಲ, ಅದರ ಮೇಲೆ ಕೊಟ್ಟದ್ದಕ್ಕಷ್ಟೇ. 200 ಡಾಲರಿನ ಸಹಾಯಾರ್ಥ ಊಟಕ್ಕೆ ಹೋಗಿ, ಊಟದ ಬೆಲೆ 80 ಎಂದು ರಸೀದಿಯಲ್ಲಿದ್ದರೆ ದೇಣಿಗೆ 120. ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಸಂಸ್ಥೆಯಿಂದ ಲಿಖಿತ ಸ್ವೀಕೃತಿ ಇರಬೇಕು. ಅಮೆರಿಕದ ಬೇರೆ ಉದ್ಯಮಗಳಲ್ಲಿ ನೌಕರಿ ಮಾಡುವವರು ತಮ್ಮ ಎಚ್‌ಆರ್‌ನಲ್ಲಿ ವಿಚಾರಿಸಬಹುದು. ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ಸಂಸ್ಥೆಗಳು ಅಲ್ಲಿ ಬಹಳ. ಹೋಗಲಾಗದ ಟಿಕೆಟ್ಟನ್ನು ಆಟಕ್ಕೆ ಮೊದಲೇ ಮರಳಿಸಿದರೆ ಅನೇಕ ಕಡೆ ಅದನ್ನೂ ದೇಣಿಗೆಯಾಗಿ ಬರೆದುಕೊಳ್ಳುತ್ತಾರೆ.

ಕನ್ನಡ ಕೂಟದ ಮಕ್ಕಳಿಂದ ಮ್ಯೂಸಿಕಲ್ ಆಡಿಸಬೇಕೆಂಬ ಆಸೆ ಇರುವವರು ಹಕ್ಕಿನ ಅರ್ಜಿಯಿಂದ ಶುರು ಮಾಡಬೇಕು, ಮಕ್ಕಳ ಆಯ್ಕೆಯಿಂದಲ್ಲ. ಪ್ರಸಿದ್ಧ ಕೃತಿಗಳಿಗೆ ಒಂದು ಗಂಟೆಯ 'ಜೂನಿಯರ್' ರೂಪಗಳಿವೆ. ಹಾಡಿನ ಶ್ರುತಿ ಮಕ್ಕಳ ಕಂಠಕ್ಕೆ ಹೊಂದಿಸಿದ್ದು, ವಾದ್ಯದವರ ಬದಲು ಧ್ವನಿಮುದ್ರಿತ ಸಂಗೀತ ಜೊತೆಗೇ ಬರುತ್ತದೆ. ವಾರ್ಷಿಕೋತ್ಸವದಲ್ಲಿ ಒಂದು ಹಾಡನ್ನು ನಿಂತು ಹಾಡುವುದು ಬೇರೆ. ಸಭಾಂಗಣಕ್ಕೆ ಸಂಗೀತದ ಸಾಮಾನ್ಯ ಪರವಾನಗಿ ಇದ್ದರೆ ಸಾಮಾನ್ಯವಾಗಿ ಸಾಕು. ಅದೇ ಹಾಡಿಗೆ ವೇಷ ಹಾಕಿ, ಮಾತು ಸೇರಿಸಿ, ದೃಶ್ಯವಾಗಿ ಆಡಿದರೆ ಗ್ರಾಂಡ್ ರೈಟ್ಸ್ ಬೇಕು. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಲು ಪ್ರತ್ಯೇಕ ಒಪ್ಪಿಗೆ. ಕನ್ನಡಕ್ಕೆ ಅನುವಾದಿಸಿ ಆಡಲು ಇನ್ನೂ ಪ್ರತ್ಯೇಕ; ಮಾಮೂಲಿ ಪರವಾನಗಿಯಲ್ಲಿ ಅದು ಸೇರಿಲ್ಲ, ಕರ್ತೃಗಳ ಕಡೆಯವರು ಒಪ್ಪಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಸಭಾಂಗಣಕ್ಕೆ ಮುಂಗಡ ಕೊಡುವುದು ಆ ಉತ್ತರ ಬಂದ ಮೇಲೆ.